ಆಮೆನ್ ತಡವಾದ ಭಾನುವಾರ

ನಮ್ಮೂರ ಚರ್ಚಿನ ಬಾಗಿಲು ಕಾಯುವವಳು ನಾನು, ತಬಿತಮ್ಮ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಬಾಗಿಲು ಕಾಯೋದು ಅಂದರೆ ಬಂದವರಿಗೆ ಕೈಮುಗಿದು ಒಳಗೆ ಬಿಡೋದು ಅಂದುಕೊಂಡಿದ್ದರೆ ಅದು ನಿಮ್ಮೂರಿನ ಮಾತು. ನಮ್ಮಲ್ಲಿ ಪ್ರಸಂಗ ಶುರುವಾಗುವ ಮೊದಲು ಬಾಗಿಲು ಹಾಕಿ, ಅಗಳಿ ಜಡಿದು, ಹದಿನಾಲ್ಕು ಕಿಟಕಿಗೂ ಚಿಲಕ ಹಾಕಿ, ಪಾದ್ರಿ ಅಯ್ಯನವರು ಆಮೆನ್ ಅನ್ನುವ ತನಕ ಬಾಗಿಲಿಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂರಬೇಕು. ಪ್ರಸಂಗದ ಮಾತಿಗೆ ಜೀವ ತಳೆದು ಒಳಗೆ ಬಂದದ್ದು ಹೊರಗೆ ಹೋಗಬಾರದು, ಅಷ್ಟೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನೋಹನ ಪಾರಿವಾಳ ಒಂದು ಕಿಟಕಿಯಿಂದ ತಪ್ಪಿಸಿಕೊಂಡು ಹೋಗಿ ಬೇಕರಿಯವನ ಭುಜದ ಮೇಲೆ ಕೂತಿತ್ತಂತೆ. ಪಾಪ, ಅವನು ಅದಕ್ಕೆ ಬನ್ನು ಚೂರು ತಿನ್ನಿಸುತ್ತಾ ಇದ್ದಾನೆ, ಇಲ್ಲಿ ಅಯ್ಯನವರು ಆಮೆನ್ ಅಂದರು, ಪಾರಿವಾಳ ಕಣ್ಣೆದುರಿಗೇ ಇಲ್ಲ. ಮೂರು ದಿನ ಜ್ವರ ಬಂದು ಮಲಗಿದ. ಆಮೇಲೆ ಒಂದು ಸೊಳ್ಳೆಯನ್ನೂ ನಾನು ಹೊರಗೆ ಬಿಟ್ಟವಳಲ್ಲ.

ಗಮಲಿಯೇಲ ಅಯ್ಯನವರು ಮೂವತ್ತೊಂದು ವರ್ಷ ನಮಗೆ ಪ್ರಸಂಗ ಮಾಡಿದರು. ಅವರು ಕೆಂಪು ಸಮುದ್ರ ಅಂದರೆ ಬೆಂಚುಗಳ ನಡುವಿನ ಹಾದಿಯ ಎರಡೂ ಕಡೆ ನೀರು ಗೋಡೆ ಕಟ್ಟಿ ನಿಲ್ಲುತ್ತಿತ್ತು, ಹೆಂಗಸರು ಸೆರಗು ಎತ್ತಿ ಹಿಡಿದುಕೊಂಡು ಒಳಗಿನ ಮೀನು ಎಣಿಸುತ್ತಿದ್ದರು. ನೋಹನ ಭಾನುವಾರ ಪ್ರಳಯದ ಮಳೆಗೆ ಅಂತ ಎಲ್ಲರ ಕೈಲೂ ಕೊಡೆ. ದಾನಿಯೇಲನ ಭಾನುವಾರ ಸಿಂಹಗಳಿಗೆ ಹೆದರಿ ಮುಂದಿನ ಎರಡು ಬೆಂಚು ಖಾಲಿ. ನೀರು ದ್ರಾಕ್ಷಾರಸವಾಗುವ ಕಾನಾ ಊರಿನ ಮದುವೆಯ ಪ್ರಸಂಗಕ್ಕೆ ಮಾತ್ರ ಗಂಡಸರೆಲ್ಲ ಹೊತ್ತಿಗೆ ಮುಂಚೆ ಸ್ನಾನ ಮುಗಿಸಿ ಲೋಟ ಸಮೇತ ಬಂದು ಕೂರೋರು. ಏನು ಕುಡಿದರೂ ಆಮೆನ್ ಅಂದಕೂಡಲೇ ಅಮಲು ಇಳಿದುಹೋಗೋದು, ಆದರೂ ಬರೋರು. ಐದು ಸಾವಿರ ಜನರ ಊಟದ ದಿನವೂ ಹಾಗೇ, ಹೊಟ್ಟೆ ಬಿರಿಯುವಷ್ಟು ರೊಟ್ಟಿ ಮೀನು ತಿಂದು, ಆಮೆನ್ ಆದಮೇಲೆ ಹಸಿದುಕೊಂಡು ಮನೆಗೆ ಓಡೋದು. ಬಂದದ್ದೆಲ್ಲ ಆಮೆನ್‌ಗೆ ಹೋಗುತ್ತೆ, ಒಂದು ಗರಿಯೂ ಉಳಿಯಲ್ಲ. ಅದಕ್ಕೇ ನನಗೆ ಕಸ ಗುಡಿಸುವ ಕೆಲಸ ಕಮ್ಮಿ, ದೇವರು ದೊಡ್ಡವನು.

ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಯ್ಯನವರು ಎಷ್ಟು ಹೊತ್ತು ಹೇಳಿದರೂ ಮಾತು ಮಾತಾಗೇ ಇರುತ್ತಂತೆ. ಆ ಜನ ಆಕಳಿಸದೆ ಹೇಗೆ ಕೂರುತ್ತಾರೋ ನಾ ಕಾಣೆ.

ಗಮಲಿಯೇಲ ಅಯ್ಯನವರು ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಫಿಲೆಮೋನ್ ಅಯ್ಯನವರು ಬಂದರು. ಇಪ್ಪತ್ತೆಂಟು ವರ್ಷ ವಯಸ್ಸು. ಎರಡು ಟ್ರಂಕು ಪುಸ್ತಕ, ಒಂದು ಕೈಚೀಲ ಬಟ್ಟೆ. ಬಸ್ಸಿಳಿದವರೇ ಕಂಬಕ್ಕೆ ಡಿಕ್ಕಿ ಹೊಡೆದು, ಕಂಬಕ್ಕೇ ‘ಕ್ಷಮಿಸಿ’ ಅಂದರು. ನನಗೆ ಅವತ್ತೇ ಅವರ ಮೇಲೆ ಪ್ರೀತಿ ಹುಟ್ಟಿತು, ಸುಳ್ಳು ಯಾಕೆ ಹೇಳಲಿ. ಮದುವೆಯಾಗಿರಲಿಲ್ಲ, ಹಾಗಾಗಿ ಎರಡು ಹೊತ್ತಿನ ಊಟ ನನ್ನ ಮನೆಯಲ್ಲಿ ಅಂತ ಕಮಿಟಿ ಗೊತ್ತುಮಾಡಿತು.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ಹೊಸ ಅಯ್ಯನವರಿಗೆ ಆರು ಭಾನುವಾರ ಗಡುವು. ಆರರೊಳಗೆ ಅವರ ಮಾತಿಗೆ ಏನಾದರೂ ಬರಬೇಕು, ನೆಟ್ಟಗೆ ಬರಬೇಕು. ಬರಲಿಲ್ಲವೋ, ಕಮಿಟಿಯ ದೊಡ್ಡ ಹಿರಿಯರು ಮೇಲಿನವರಿಗೆ ಕಾಗದ ಬರೆದು ವಾಪಸು ಕಳಿಸುತ್ತಾರೆ. ದೊಡ್ಡ ಹಿರಿಯರು ಅಂದರೆ ಗಡಿಯಾರ ರಿಪೇರಿಯ ಅಬ್ನೇರಪ್ಪನವರು. ಅರವತ್ತೆಂಟು ವರ್ಷ, ಮದುವೆಗೆ ಹೊಲಿಸಿದ ಕಪ್ಪು ಕೋಟು ಇನ್ನೂ ಮೈಗೆ ಆಗುತ್ತೆ ಅನ್ನೋದೇ ಅವರ ಒಂದೇ ಜಂಬ. ಕೆಟ್ಟವರಲ್ಲ. ಹೆಂಡತಿ ಹೋದಮೇಲೆ ವಾರವೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆ ನೋಡುತ್ತಾ ಕೂರುವ ಮನುಷ್ಯ, ಭಾನುವಾರದ ಆ ಒಂದು ಗಂಟೆಗೋಸ್ಕರವೇ ಬದುಕಿದ್ದರು. ಆ ಒಂದು ಗಂಟೆಯನ್ನು ಯಾರಾದರೂ ಹಾಳು ಮಾಡಿದರೆ ಅವರಿಗೆ ಕೆಂಡದಂಥ ಸಿಟ್ಟು.

ಮೊದಲನೇ ಭಾನುವಾರ ಫಿಲೆಮೋನ್ ಅಯ್ಯನವರು ನೀತೀಕರಣ, ಪವಿತ್ರೀಕರಣ, ಸಮರ್ಪಣೆ ಅಂತ ಐವತ್ತು ನಿಮಿಷ ಮಾತಾಡಿದರು. ಎಲ್ಲ ಒಳ್ಳೆಯ ಮಾತೇ. ಮೂಲೆಯಲ್ಲಿ ಸ್ವಲ್ಪ ಹೊಗೆಯಂಥದ್ದು ಎದ್ದಿತು, ಅಷ್ಟೇ. ಎರಡನೇ ಭಾನುವಾರ ‘ನಿಮ್ಮ ಪಾಪಗಳು ಹಿಮದಂತೆ ಬೆಳ್ಳಗಾಗುವವು’ ಅಂತ ವಾಕ್ಯ ಹಿಡಿದರು. ಮೇಲಿನಿಂದ ಬೆಳ್ಳಗೆ ಏನೋ ಉದುರಿತು. ಜನ ಅಂಗೈ ಒಡ್ಡಿದರು. ಹಾರ್ಮೋನಿಯಂ ನುಡಿಸುವ ಸಾಲೋಮಿ ಟೀಚರ್ ನಾಲಿಗೆಗೆ ಇಟ್ಟು ನೋಡಿ, ‘ತೆಂಗಿನತುರಿ’ ಅಂದರು. ಹಿಮ ಅಯ್ಯನವರೂ ಕಂಡವರಲ್ಲ, ನಾವೂ ಕಂಡವರಲ್ಲ. ಹೆಂಗಸರೆಲ್ಲ ಕಾಯಿ ಹೋಳಿಗೆಗೆ ಎಷ್ಟು ಆದೀತು ಅಂತ ಲೆಕ್ಕ ಹಾಕುತ್ತಾ ಕೂತರು.

ಮೂರನೇ ಭಾನುವಾರ ಒಳ್ಳೆಯ ಕುರುಬನ ಪ್ರಸಂಗ. ಕುರಿ ಬಂದವು, ಹೌದು. ಬಿಳೀ ಹತ್ತಿಯಂಥ ಮೈ, ನೀಲಿ ಕಣ್ಣು, ಗುಲಾಬಿ ಮೂತಿ. ಎಲ್ಲೋ ಕ್ಯಾಲೆಂಡರಿನಲ್ಲಿ ಕಂಡಂಥ ಕುರಿ. ಒಂದು ಪಕ್ಕದಿಂದ ನೋಡಿದರೆ ಚೆಂದ, ಇನ್ನೊಂದು ಪಕ್ಕಕ್ಕೆ ಹೋದರೆ ಏನೂ ಇಲ್ಲ, ರಟ್ಟಿನಷ್ಟು ತೆಳು. ಸೆಕೆ ಅಂತ ಯಾರೋ ಫ್ಯಾನು ಹಾಕಿದರು ನೋಡಿ, ಕುರಿಗಳೆಲ್ಲ ಪಟಪಟ ಅಂತ ಮಗುಚಿಕೊಂಡು ಬಿದ್ದವು. ನಾನು ಸೆರಗು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ. ಅಯ್ಯನವರ ಮುಖ ನೋಡಿದ ಮೇಲೆ ನಿಂತಿತು.

ನಾಲ್ಕನೇ ವಾರ ಅವರು ಮಾಡಿದ್ದು ಬುದ್ಧಿಗೇಡಿ ಕೆಲಸ. ಬೀರುವಿನಲ್ಲಿದ್ದ ಗಮಲಿಯೇಲ ಅಯ್ಯನವರ ಹಳೆಯ ನೋಟುಬುಕ್ಕು ತೆಗೆದು, ಅದರಲ್ಲಿದ್ದದ್ದನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿ ಒಪ್ಪಿಸಿದರು. ಸಮಾರ್ಯದ ಹೆಂಗಸು ಬಾವಿಗೆ ನೀರಿಗೆ ಬರುವ ಕಥೆ. ಬಾವಿ ಬಂತು, ಕೊಡ ಬಂತು, ಹೆಂಗಸೂ ಬಂದಳು. ಆದರೆ ಅವಳಿಗೆ ಗಮಲಿಯೇಲ ಅಯ್ಯನವರ ಮೀಸೆ ಇತ್ತು. ಅದೇ ಬಿಳೀ ಪೊದೆ ಮೀಸೆ, ಅದೇ ಬಲಗಡೆ ಸ್ವಲ್ಪ ಮೇಲೆ. ಅರ್ಧ ಜನ ನಕ್ಕರು, ಅರ್ಧ ಜನ ಅತ್ತರು. ಅಬ್ನೇರಪ್ಪನವರು ಎದ್ದು ನಿಂತೇಬಿಟ್ಟರು.

‘ಸತ್ತವರ ಮೀಸೆ ಜೊತೆ ಆಟ ಆಡ್ಬೇಡಿ ಅಯ್ಯನವರೇ’ ಅಂದರು. ‘ಅವರು ಮೂವತ್ತೊಂದು ವರ್ಷ ನಮಗೆ ಕಣ್ಣು ಕೊಟ್ಟೋರು. ಇನ್ನೆರಡು ಭಾನುವಾರ ಇದೆ. ಆಮೇಲೆ ಕಾಗದ ಬರೀತೀನಿ.’

ಐದನೇ ವಾರ ಬಡಪಾಯಿ ಹೆದರಿಕೊಂಡು, ಹನ್ನೊಂದೇ ನಿಮಿಷಕ್ಕೆ ವಾಕ್ಯ ಓದಿ ಆಮೆನ್ ಅಂದು ಕೆಳಗಿಳಿದುಬಿಟ್ಟರು. ಒಂದು ಇರುವೆಯೂ ಬರಲಿಲ್ಲ.

ಅವತ್ತು ಮಧ್ಯಾಹ್ನ ನನ್ನ ಮನೆಗೆ ಊಟಕ್ಕೆ ಬಂದವರು ಚಪ್ಪಲಿ ಬಿಡೋದನ್ನೂ ಮರೆತು ಒಳಗೆ ಬಂದು ಕೂತರು. ‘ಅಕ್ಕಾ, ಇಲ್ಲಿಂದ ವಾಪಸು ಹೋದರೆ ನನ್ನನ್ನ ಇನ್ನೆಲ್ಲೂ ಪ್ರಸಂಗಪೀಠ ಹತ್ತಿಸಲ್ಲ. ಮೇಲಿನ ಆಫೀಸಿನಲ್ಲಿ ಕೂರಿಸಿ ಲಕೋಟೆ ಅಂಟಿಸೋಕೆ ಹಾಕ್ತಾರೆ. ಹೇಳಿಯೇ ಕಳಿಸಿದಾರೆ’ ಅಂದರು. ಹನ್ನೆರಡನೇ ವಯಸ್ಸಿನಿಂದ ಇವರಿಗೆ ಪ್ರಸಂಗ ಮಾಡುವುದೊಂದೇ ಆಸೆಯಂತೆ. ಹಾಸ್ಟೆಲಿನಲ್ಲಿ ಬಕೀಟು ಬೋರಲು ಹಾಕಿ ಅದರ ಮೇಲೆ ನಿಂತು, ಒಣಗಲು ಹಾಕಿದ ಚಡ್ಡಿಗಳಿಗೆ ಪ್ರಸಂಗ ಮಾಡುತ್ತಿದ್ದರಂತೆ.

ಊಟ ಬಡಿಸಿದೆ. ಪುಸ್ತಕ ತೆರೆದಿಟ್ಟುಕೊಂಡೇ ಉಂಡರು. ತಟ್ಟೆ ತೆಗೆದುಕೊಂಡು ಹೋಗಿ ಬಂದು ಕೇಳಿದೆ, ‘ಏನು ಉಂಡ್ರಿ ಅಯ್ಯನವರೇ?’

‘ಊಟ ಅಕ್ಕಾ. ಚೆನ್ನಾಗಿತ್ತು.’

‘ಯಾವ ಊಟ?’

ಮೇಲೆ ನೋಡಿದರು, ಕೆಳಗೆ ನೋಡಿದರು, ಕೈ ಮೂಸಿ ನೋಡಿಕೊಂಡರು. ‘ಸಾರು... ಅಲ್ವಾ?’

‘ಅಯ್ಯೋ ನನ್ನಪ್ಪಾ! ಬೆಳಗ್ಗೆ ಆರಕ್ಕೆ ಎದ್ದು ಹುರುಳಿಕಾಳು ಬಸಿದು, ಕಟ್ಟು ತೆಗೆದು, ಬೆಳ್ಳುಳ್ಳಿ ಸುಟ್ಟು ಹಾಕಿ ಬಸ್ಸಾರು ಮಾಡಿದೀನಿ. ಮುದ್ದೆಯಲ್ಲಿ ಒಂದು ಗಂಟು ಉಳಿದಿತ್ತು, ಅದು ನಿಮ್ಮ ಗಂಟಲಲ್ಲಿ ಇಳಿದದ್ದೂ ಗೊತ್ತಾಗಲಿಲ್ವಾ? ನಿಮ್ಮ ನಾಲಿಗೆಗೆ ತಾಗಿದ್ದು ನಿಮಗೇ ಕಾಣಲಿಲ್ಲ, ಇನ್ನು ಎರಡು ಸಾವಿರ ವರ್ಷದ ಹಿಂದಿನ ರೊಟ್ಟಿ ನಮಗೆಲ್ಲಿಂದ ಕಾಣಿಸ್ತೀರಿ?’ ಅಂತ ಬೈದೇಬಿಟ್ಟೆ. ಬೈದಮೇಲೆ ಜಾಸ್ತಿಯಾಯಿತೇನೋ ಅನ್ನಿಸಿತು. ಅವರು ಮಾತ್ರ ಪುಸ್ತಕ ಮುಚ್ಚಿ, ‘ಇನ್ನೊಂದು ಮುದ್ದೆ ಇದೆಯಾ ಅಕ್ಕಾ?’ ಅಂತ ಕೇಳಿದರು. ಕೊಟ್ಟೆ. ಈ ಸಲ ಕಣ್ಣು ಮುಚ್ಚಿಕೊಂಡು, ಒಂದೊಂದೇ ತುತ್ತು ನಿಧಾನಕ್ಕೆ ನುಂಗಿದರು. ಕೊನೆಗೆ, ‘ಬೆಳ್ಳುಳ್ಳಿ ಸ್ವಲ್ಪ ಕರಕಲಾಗಿದೆ’ ಅಂದರು. ಆಗಿತ್ತು, ನಿಜ.

ಮಾರನೇ ಬೆಳಗ್ಗೆ ಅವರನ್ನು ಎಳೆದುಕೊಂಡು ಊರಾಚೆ ಕೆಂಚಬೀರಣ್ಣನ ಹತ್ತಿರ ಹೋದೆ. ಕುರಿ ಮೇಯಿಸುವವನು. ಚರ್ಚಿಗೆ ಸೇರಿದವನಲ್ಲ, ಪ್ರಸಂಗ ಗಿಸಂಗ ಅವನಿಗೆ ಬೇಕಾಗಿಲ್ಲ. ‘ಏನ್ ಸಾಮಿ, ಕುರಿ ಕೊಳ್ಳೋಕೆ ಬಂದ್ರಾ?’ ಅಂದ. ‘ನೋಡೋಕೆ’ ಅಂದರು ಇವರು. ಅವನು ನನ್ನ ಮುಖ ನೋಡಿದ. ನಾನು, ‘ಇರಲಿ ಬಿಡಣ್ಣಾ, ಓದಿದೋರು’ ಅಂದೆ.

ಆರು ದಿನ ಹೋದೆವು. ಬಿಸಿಲು ಏರುವ ಮೊದಲು ಹೊರಟು, ಇಟ್ಟಿಗೆ ಗೂಡು ದಾಟಿ, ಬತ್ತಿದ ಹಳ್ಳದ ಪಕ್ಕದ ಜಾಲಿ ಕುರುಚಲಿನ ತನಕ ಮಂದೆಯ ಹಿಂದೆ ಹಿಂದೆ. ಮೊದಲ ದಿನ ಅಯ್ಯನವರು ಮೂಗು ಮುಚ್ಚಿಕೊಂಡಿದ್ದರು. ಎರಡನೇ ದಿನ ಉಣ್ಣೆಯಲ್ಲಿ ರಕ್ತ ಹೀರುವ ಉಣುಗು ಹೇಗೆ ಕಚ್ಚಿಕೊಳ್ಳುತ್ತೆ ಅಂತ ಬಗ್ಗಿ ನೋಡುತ್ತಿದ್ದರು. ಕುರಿ ಕೆಮ್ಮುತ್ತೆ ಅಂತ ಅವರಿಗೆ ಗೊತ್ತೇ ಇರಲಿಲ್ಲ, ಥೇಟ್ ಮುದುಕರ ಹಾಗೆ ಕೆಮ್ಮುತ್ತೆ ಅಂತ ಎರಡು ಸಲ ನನಗೆ ಹೇಳಿದರು. ನಾಲ್ಕನೇ ದಿನ ಯಾವುದೋ ಮರಿಯನ್ನು ಎತ್ತಿಕೊಂಡು, ಅದು ಅಂಗಿಯ ಮೇಲೆ ಉಚ್ಚೆ ಹೊಯ್ದಾಗ ಎಷ್ಟು ಖುಷಿಪಟ್ಟರು ಅಂದರೆ ಕೆಂಚಬೀರಣ್ಣ ಇವರ ತಲೆ ಸರಿಯಿದೆಯಾ ಅಂತ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ.

ಶನಿವಾರ ಅಯ್ಯನವರು ಅವನನ್ನು ಕೇಳಿದರು, ‘ಬೀರಣ್ಣಾ, ಕುರಿ ಯಾಕೆ ತಪ್ಪಿಸಿಕೊಳ್ಳುತ್ತೆ? ಹಟವಾ, ಸೊಕ್ಕಾ?’

‘ಸೊಕ್ಕು ಎಲ್ಲಿಂದ ಬರುತ್ತೆ ಸಾಮಿ ಅದಕ್ಕೆ! ಕಳೆದುಹೋಗಬೇಕು ಅಂತ ಯಾವ ಕುರಿನೂ ಹೋಗಲ್ಲ. ತಲೆ ಬಗ್ಗಿಸಿ ಒಂದು ಹುಲ್ಲು, ಆಮೇಲೆ ಮುಂದಿನ ಹುಲ್ಲು, ಆಮೇಲೆ ಅದರ ಮುಂದಿನದು. ತಲೆ ಎತ್ತೋ ಹೊತ್ತಿಗೆ ಸುತ್ತ ಯಾರೂ ಇರಲ್ಲ. ಆಗ ಕೂಗುತ್ತೆ.’

‘ಆಗ ನೀನೇನು ಮಾಡ್ತೀಯ?’

‘ಮಾಡೋದೇನು, ಹೋಗ್ತೀನಿ. ಅದು ಸಿಗೋ ತನಕ ನನಗೆ ಅನ್ನ ಇಳಿಯಲ್ಲ.’

ಅಯ್ಯನವರು ಆ ದಿನ ದಾರಿಯುದ್ದಕ್ಕೂ ತಿರುತಿರುಗಿ ಹಳ್ಳದ ಕಡೆ ನೋಡುತ್ತಾ ಬಂದರು.

ಆರನೇ ಭಾನುವಾರ ಚರ್ಚು ತುಂಬಿತ್ತು. ಸೋಲೋದು ನೋಡೋಕೆ ಯಾವಾಗಲೂ ಜನ ಜಾಸ್ತಿ. ಅಬ್ನೇರಪ್ಪನವರು ಕೋಟಿನ ಜೇಬಿನಲ್ಲಿ ಕಾಗದ ಬರೆದೇ ಇಟ್ಟುಕೊಂಡು ಬಂದಿದ್ದರು, ಮೇಲಿನ ತುದಿ ಕಾಣುತ್ತಿತ್ತು. ನಾನು ಅಗಳಿ ಜಡಿದು ಸ್ಟೂಲಿನ ಮೇಲೆ ಕೂತು, ‘ದೇವರೇ, ಒಂದು ಮರಿಯನ್ನಾದರೂ ಕೊಡಪ್ಪಾ, ಈ ಹುಡುಗನ ಮಾನ ಉಳಿಸು’ ಅಂತ ಬೇಡಿಕೊಂಡೆ.

ಅಯ್ಯನವರು ಚೀಟಿಯಿಲ್ಲದೆ ಪೀಠ ಹತ್ತಿದರು. ದನಿ ಸಣ್ಣಗಿತ್ತು. ‘ಒಬ್ಬ ಕುರುಬನಿಗೆ ನೂರು ಕುರಿ ಇದ್ದವು. ಮೊದಲು ನಿಮಗೆ ವಾಸನೆ ಬರುತ್ತೆ’ ಅಂದರು. ಬಂತು. ಮೂತ್ರ, ಧೂಳು, ಬೆವರಿದ ಉಣ್ಣೆ, ಎಲ್ಲ ಸೇರಿದ ವಾಸನೆ. ಮುಂದಿನ ಬೆಂಚಿನವರು ಮೂಗಿಗೆ ಕರವಸ್ತ್ರ ಹಿಡಿದರು. ‘ಆಮೇಲೆ ಒಂದು ಕೆಮ್ಮು’ ಅಂದರು. ಅಬ್ನೇರಪ್ಪನವರ ಬೆಂಚಿನ ಕೆಳಗಿಂದ ಯಾವುದೋ ಕೆಮ್ಮಿತು. ಅವರು ಹೌಹಾರಿ ಕಾಲು ಮೇಲೆತ್ತಿಕೊಂಡರು. ಆಮೇಲೆ ಬಂದವು ನೋಡಿ! ಕಂದು, ಕಪ್ಪು, ಬೂದಿ, ಕೊಳಕು ಬಿಳುಪು. ಒಂದಕ್ಕೆ ಕೊಂಬು ಡೊಂಕು, ಒಂದಕ್ಕೆ ಕಣ್ಣು ಪಿಸುರು. ಹಾದಿ ತುಂಬ, ಬೆಂಚುಗಳ ಸಂದಿಯಲ್ಲಿ, ಪೀಠದ ಮೆಟ್ಟಿಲ ಮೇಲೆ, ಎಲ್ಲಿ ನೋಡಿದರೂ ಕುರಿ. ಸಾಲೋಮಿ ಟೀಚರ ಹಾಡಿನ ಹಾಳೆಯನ್ನು ಒಂದು ಕುರಿ ಪಲ್ಲವಿಯಿಂದ ಶುರುಮಾಡಿ ತಿಂದು ಮುಗಿಸಿತು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಫ್ಯಾನು ತಿರುಗುತ್ತಲೇ ಇತ್ತು, ಒಂದು ಕುರಿಯೂ ಅಲುಗಲಿಲ್ಲ.

ಅಬ್ನೇರಪ್ಪನವರು ಎಣಿಸಿದರು. ಬೆರಳು ಮಡಚಿ ಮಡಚಿ ಎಣಿಸಿ, ತೊಂಬತ್ತೊಂಬತ್ತು ಅಂತ ಪಕ್ಕದವರಿಗೆ ಹೇಳಿ, ನನ್ನ ಕಡೆ ತಿರುಗಿ ತಲೆ ಆಡಿಸಿದರು. ಜೇಬಿನಿಂದ ಕಾಗದ ತೆಗೆದು ನಾಲ್ಕು ಚೂರು ಮಾಡಿದರು. ಗೆದ್ದರಲ್ಲಪ್ಪಾ ಅಂತ ನನಗೆ ಕಣ್ಣಲ್ಲಿ ನೀರು ಬಂತು. ಇನ್ನೇನು, ಕಳೆದ ಕುರಿ ಸಿಕ್ಕಿತು, ಸಂತೋಷವಾಯಿತು, ಆಮೆನ್ ಅಂದರೆ ಮುಗೀತು. ಗಮಲಿಯೇಲ ಅಯ್ಯನವರು ಯಾವಾಗಲೂ ಹಾಗೇ ಮಾಡೋರು. ಕೊನೆಯಲ್ಲಿ ಒಂದು ಮರಿ ಪೀಠದ ಹಿಂದಿನಿಂದ ಕುಣಿದುಕೊಂಡು ಬರೋದು, ಎಲ್ಲರೂ ‘ಆಹಾ’ ಅನ್ನೋದು, ಊಟಕ್ಕೆ ಎದ್ದು ಹೋಗೋದು.

ಇವರು ಮುಂದುವರಿಸಿದರು. ‘ಒಂದು ಇಲ್ಲ. ಬಲಗಣ್ಣಿನ ಸುತ್ತ ಕಪ್ಪು ಮಚ್ಚೆ ಇರೋದು. ಮುಂಗಾಲು ಸ್ವಲ್ಪ ಕುಂಟು, ಅದಕ್ಕೇ ಯಾವಾಗಲೂ ಹಿಂದೆ ಬೀಳುತ್ತೆ. ಇಟ್ಟಿಗೆ ಗೂಡಿನ ಆಚೆ ಹಳ್ಳದ ಪಕ್ಕದಲ್ಲಿ ಒಂದು ಹುಲ್ಲು ಕಂಡಿತು, ಆಮೇಲೆ ಇನ್ನೊಂದು. ಈಗ ತಲೆ ಎತ್ತಿದೆ. ಸುತ್ತ ಜಾಲಿ. ಕಾಲಿಗೆ ಮುಳ್ಳು ಸಿಕ್ಕಿಕೊಂಡಿದೆ. ಇನ್ನೂ ಕೂಗಿಲ್ಲ. ಯಾರಾದರೂ ಬರ್ತಾರೆ ಅಂತ ಕಾಯ್ತಾ ಇದೆ.’ ಇಂಥ ಕುರಿ ಕೆಂಚಬೀರಣ್ಣನ ಮಂದೆಯಲ್ಲಿ ಇರಲಿಲ್ಲ. ಆರು ದಿನ ಜೊತೆಗೆ ಹೋದವಳು, ನನಗೆ ಗೊತ್ತು. ಇದು ಇವರೇ ಮನಸ್ಸಿನಲ್ಲಿ ಸಾಕಿದ ಕುರಿ.

ಆಗ ನನ್ನ ಬೆನ್ನ ಹಿಂದಿನ ಬಾಗಿಲಾಚೆ, ಬಹಳ ದೂರದಲ್ಲಿ, ಬ್ಯಾ ಅಂತ ಒಂದು ಕೂಗು ಕೇಳಿಸಿತು.

ಅಯ್ಯನವರು ಮಾತು ನಿಲ್ಲಿಸಿದರು. ಬೈಬಲ್ ಮುಚ್ಚಿ ಕೆಳಗಿಳಿದರು. ಕುರಿಗಳನ್ನು ಸರಿಸಿಕೊಂಡು ಸೀದಾ ನನ್ನ ಹತ್ತಿರ ಬಂದು, ‘ಬಾಗಿಲು ತೆಗೀರಿ ಅಕ್ಕಾ’ ಅಂದರು.

‘ಆಮೆನ್ ಆಗಿಲ್ಲ ಅಯ್ಯನವರೇ.’

‘ಸಿಕ್ಕಿಲ್ಲವಲ್ಲ ಅಕ್ಕಾ. ಹುಡುಕಿಕೊಂಡು ಬರ್ತೀನಿ.’

ಇಪ್ಪತ್ತಾರು ವರ್ಷ ಕಾದ ಬಾಗಿಲು. ಯಾಕೆ ತೆಗೆದೆ ಅಂತ ಆಮೇಲೆ ನೂರು ಜನ ಕೇಳಿದರು. ಆ ಕೂಗು ನನಗೂ ಕೇಳಿಸಿತ್ತು, ಅದಕ್ಕೇ ತೆಗೆದೆ. ಅವರು ಬಿಳೀ ನಿಲುವಂಗಿ ಮೊಣಕಾಲ ತನಕ ಎತ್ತಿಕೊಂಡು ಬಿಸಿಲಲ್ಲಿ ಓಡಿದರು. ನಾನು ಮತ್ತೆ ಅಗಳಿ ಹಾಕಿದೆ.

ಅರ್ಧ ಗಂಟೆ ಜನ ನಗುತ್ತಾ ಕೂತಿದ್ದರು. ಒಂದು ಗಂಟೆಗೆ ನಗು ನಿಂತಿತು. ಆಮೆನ್ ಇಲ್ಲದೆ ಕುರಿ ಹೋಗುವ ಹಾಗಿಲ್ಲ, ಕುರಿ ಇರುವಾಗ ಬಾಗಿಲು ತೆಗೆಯುವ ಹಾಗಿಲ್ಲ, ಆಮೆನ್ ಅನ್ನೋಕೆ ಪ್ರಸಂಗ ಶುರುಮಾಡಿದವರೇ ಬೇಕು. ನೆಲವೆಲ್ಲ ಹಿಕ್ಕೆ. ಮನೆಮನೆಯಲ್ಲಿ ಒಲೆ ಮೇಲೆ ಸಾರು ಇಟ್ಟು ಬಂದವರು ಚಡಪಡಿಸತೊಡಗಿದರು. ಅಬ್ನೇರಪ್ಪನವರ ಮುಖ ಕಪ್ಪಿಟ್ಟಿತು.

‘ಓಡಿಹೋಗಿದ್ದಾನೆ’ ಅಂದರು. ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದ್ರೆ ಇದೇ. ತಬಿತಾ, ಬಾಗಿಲು ತೆಗೆದವಳು ನೀನು. ಹೋಗಿ ಕರಕೊಂಡು ಬಾ. ಇಲ್ಲಾಂದ್ರೆ ನಾಳೆಯಿಂದ ನಿನಗೂ ಈ ಬಾಗಿಲಿಲ್ಲ.’

ಸಾಲೋಮಿ ಟೀಚರನ್ನು ಸ್ಟೂಲಿನ ಮೇಲೆ ಕೂರಿಸಿ ನಾನು ಹೊರಟೆ. ಮನಸ್ಸಿನಲ್ಲೇ ಅಯ್ಯನವರನ್ನು ಬೈದುಕೊಂಡು, ಬೈದದ್ದಕ್ಕೆ ಕ್ಷಮೆ ಕೇಳಿಕೊಂಡು, ಮತ್ತೆ ಬೈದುಕೊಂಡು ನಡೆದೆ. ಹಳ್ಳದ ದಂಡೆಯಲ್ಲಿ ಸಿಕ್ಕಿದರು. ನಿಲುವಂಗಿ ಹರಿದು ಚಿಂದಿಯಾಗಿತ್ತು, ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಬಗ್ಗಿ ಬಗ್ಗಿ ಪೊದೆಯೊಳಗೆ ನೋಡುತ್ತಾ, ಬಾ ಬಾ ಅಂತ ಕೆಂಚಬೀರಣ್ಣನ ಹಾಗೇ ನಾಲಿಗೆ ಲೊಟಗುಟ್ಟಿಸುತ್ತಿದ್ದರು.

‘ಅಯ್ಯನವರೇ, ಸಾಕು. ಇಲ್ಲೇ ನಿಂತು ಒಂದು ಆಮೆನ್ ಅಂದುಬಿಡಿ’ ಅಂದೆ. ‘ಎಲ್ಲಿಂದ ಅಂದ್ರೂ ಆಗುತ್ತೆ. ನೀವು ಗೆದ್ದಾಗಿದೆ. ಅಬ್ನೇರಪ್ಪನವರು ಕಾಗದ ಹರಿದುಹಾಕಿದ್ದನ್ನ ಕಣ್ಣಾರೆ ಕಂಡಿದೀನಿ.’

‘ಈಗ ಆಮೆನ್ ಅಂದರೆ ಅದು ಕಳೆದುಹೋಗಿದ್ದೇ ಕೊನೆ ಆಗುತ್ತೆ ಅಕ್ಕಾ.’

‘ನಿಮ್ಮ ಮಾತಿಗೆ ಬಂದ ಕುರಿ ಅದು, ನಿಮ್ಮ ಮಾತಿಗೇ ಹೋಗುತ್ತೆ. ಸಿಕ್ಕಿದರೂ ಹೋಗುತ್ತೆ, ಸಿಗದಿದ್ದರೂ ಹೋಗುತ್ತೆ. ಏನು ವ್ಯತ್ಯಾಸ?’

ಅವರು ನನ್ನನ್ನು ನೋಡಿದರು. ಕಣ್ಣು ಕೆಂಪಾಗಿತ್ತು. ‘ಕುರಿಗೆ ಅದು ಗೊತ್ತಿಲ್ಲವಲ್ಲ ಅಕ್ಕಾ’ ಅಂದರು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೂ ಹುಡುಕೋಕೆ ನಿಂತೆ. ಮತ್ತೇನು ಮಾಡಲಿ?

ಮುಕ್ಕಾಲು ಗಂಟೆಯಾಗಿರಬಹುದು, ಇಟ್ಟಿಗೆ ಗೂಡಿನ ಕಡೆಯಿಂದ ಧೂಳೆದ್ದಿತು. ಅಬ್ನೇರಪ್ಪನವರು ಮುಂದೆ, ಕಮಿಟಿಯವರು ಹಿಂದೆ, ಅವರ ಹಿಂದೆ ಊರಿಗೆ ಊರೇ, ಅದರ ಹಿಂದೆ ತೊಂಬತ್ತೊಂಬತ್ತು ಕುರಿ. ಸಾಲೋಮಿ ಟೀಚರಿಗೆ ಬಾಗಿಲು ಹಿಡಿಯೋಕೆ ಆಗಲಿಲ್ಲವಂತೆ. ಅಬ್ನೇರಪ್ಪನವರು ಏದುಸಿರು ಬಿಡುತ್ತಾ ಬಂದು ಅಯ್ಯನವರ ಮುಂದೆ ನಿಂತರು.

‘ಮರ್ಯಾದೆಯಿಂದ ಆಮೆನ್ ಅನ್ನಿ ಅಯ್ಯನವರೇ. ಅಂದರೆ ಈ ಪೀಠ ನಿಮ್ಮದು, ಸಾಯೋ ತನಕ ನಿಮ್ಮದು. ಈ ಜನರ ಮುಂದೆ ಮಾತು ಕೊಡ್ತಾ ಇದೀನಿ. ಇಲ್ಲ ಅಂದ್ರೋ, ಹೊಸ ಕಾಗದ ಬರೆಯೋಕೆ ನನಗೆ ಐದು ನಿಮಿಷ ಸಾಕು. ಸಂಜೆ ಬಸ್ಸಿಗೆ ನೀವು ಹೊರಡಬಹುದು.’

ಅಯ್ಯನವರು ಒಮ್ಮೆ ಚರ್ಚಿನ ಕಡೆ ತಿರುಗಿ ನೋಡಿದರು. ಅನ್ನಪ್ಪಾ, ಅಂದುಬಿಡು, ಒಂದೇ ಒಂದು ಮಾತು ಅಂತ ನಾನು ಮನಸ್ಸಿನಲ್ಲೇ ಕೂಗಿಕೊಂಡೆ. ಅವರು ಕೈಮುಗಿದರು.

‘ಸಂಜೆ ಬಸ್ಸಿಗೇ ಹೋಗ್ತೀನಿ ಅಬ್ನೇರಪ್ಪನವರೇ. ಬಸ್ಸಿಗೆ ಇನ್ನೂ ಹೊತ್ತಿದೆ. ಅಲ್ಲಿವರೆಗೆ ಹುಡುಕ್ತೀನಿ’ ಅಂದು ಮತ್ತೆ ಪೊದೆಯ ಕಡೆ ಬಗ್ಗಿದರು.

ಅಬ್ನೇರಪ್ಪನವರು ಏನೋ ಹೇಳೋಕೆ ಬಾಯಿ ತೆರೆದರು. ಅದೇ ಹೊತ್ತಿಗೆ ಅವರ ಕಾಲ ಬುಡದಲ್ಲೇ, ಹಳ್ಳದ ಕೊರಕಲಿನೊಳಗಿಂದ, ಬ್ಯಾ ಅಂತು. ದೊಡ್ಡ ಕೂಗಲ್ಲ. ಕೂಗಿ ಕೂಗಿ ಗಂಟಲು ಕಟ್ಟಿಹೋದ ಕೂಗು. ಅಬ್ನೇರಪ್ಪನವರು ಕೆಳಗೆ ಬಗ್ಗಿದರು. ‘ಅಯ್ಯೋ’ ಅಂದರು. ‘ಅಯ್ಯೋ, ಇಲ್ಲಿದೆ ಕಣ್ರೋ!’ ಅಂದವರೇ ಯಾರಿಗೂ ಕಾಯದೆ, ಆ ವಯಸ್ಸಿನಲ್ಲಿ, ಮದುವೆಯ ಕೋಟಿನಲ್ಲೇ ಕೊರಕಲಿಗೆ ಜಾರಿದರು. ಕೋಟಿನ ಬೆನ್ನು ಪರ್ ಅಂತ ಹರಿದದ್ದು ಎಲ್ಲರಿಗೂ ಕೇಳಿಸಿತು. ಒಳಗಿಂದ ಅವರ ದನಿ ಬರುತ್ತಿತ್ತು: ‘ಇರು, ಇರು, ಅಲ್ಲಾಡಬೇಡ. ಮುಳ್ಳು ತೆಗೀತೀನಿ. ಆಯ್ತು, ಆಯ್ತು ಕಣಮ್ಮಾ, ಆಯ್ತು.’ ಮೂವತ್ತು ವರ್ಷದಿಂದ ಬಲ್ಲೆ, ಆ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅವತ್ತೇ.

ನಾಲ್ಕು ಜನ ಕೈಹಿಡಿದು ಎಳೆದರು. ಮೇಲೆ ಬಂದಾಗ ಅವರ ಹೆಗಲ ಮೇಲೆ ಕುರಿ ಇತ್ತು, ನಾಲ್ಕೂ ಕಾಲನ್ನು ಎದೆಯ ಮುಂದೆ ಎರಡು ಕೈಯಲ್ಲಿ ಹಿಡಿದಿದ್ದರು. ಬಲಗಣ್ಣಿನ ಸುತ್ತ ಕಪ್ಪು ಮಚ್ಚೆ. ಅದು ಅವರ ಕತ್ತಿಗೆ ಮೂತಿ ಒತ್ತಿಕೊಂಡು ಕೆಮ್ಮಿತು. ಹೆಂಗಸರು ಅತ್ತರು, ಗಂಡಸರು ಸಂಬಂಧವಿಲ್ಲದವರನ್ನೆಲ್ಲ ತಬ್ಬಿಕೊಂಡರು. ತೊಂಬತ್ತೊಂಬತ್ತೂ ಒಟ್ಟಿಗೆ ಅರಚಿಕೊಂಡವು. ಇಷ್ಟು ವರ್ಷ ಈ ಕಥೆಯನ್ನು ಎಷ್ಟು ಸಲ ನೋಡಿದ್ದೇನೋ, ಅದರೊಳಗೆ ಸಂತೋಷ ಅಂತ ಒಂದು ಮಾತಿದೆಯಲ್ಲ, ಅದು ಇಂಥದ್ದು ಅಂತ ಮೊದಲ ಸಲ ಗೊತ್ತಾಯಿತು.

ಫಿಲೆಮೋನ್ ಅಯ್ಯನವರು ಮುಖ ಒರೆಸಿಕೊಂಡು, ಎಲ್ಲರಿಗೂ ತಡವಾಯಿತು ಅಂತ ನಾಚಿಕೊಂಡು, ಆಶೀರ್ವಾದಕ್ಕೆ ಬಲಗೈ ಎತ್ತಿದರು.

‘ತಡೀರಿ!’ ಅಂತ ಕಿರುಚಿದರು ಅಬ್ನೇರಪ್ಪನವರು. ‘ತಡೀರಿ ಅಯ್ಯನವರೇ, ನಿಮ್ಮ ದಮ್ಮಯ್ಯ. ಈಗಲೇ ಅನ್ನಬೇಡಿ. ಇದಕ್ಕೆ ಬಾಯಾರಿದೆ. ಸ್ವಲ್ಪ ನೀರು ಕುಡೀಲಿ. ನೀವು ಎಲ್ಲಿಗೂ ಹೋಗೋದು ಬೇಡ, ಇಲ್ಲೇ ಇರಿ, ಬರೋ ಭಾನುವಾರ, ಅದರಾಚೆ ಭಾನುವಾರ, ಯಾವಾಗಲೂ ಇಲ್ಲೇ ಇರಿ. ಈಗ ಮಾತ್ರ ಅನ್ನಬೇಡಿ.’

ನಾನು ಇಟ್ಟಿಗೆ ಗೂಡಿನವರ ಹತ್ತಿರ ಓಡಿ ಒಂದು ಬಕೀಟು ನೀರು ತಂದೆ. ಅಬ್ನೇರಪ್ಪನವರು ನೆಲದ ಮೇಲೆ ಕೂತು, ಕುರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೊಗಸೆಯಲ್ಲಿ ಕುಡಿಸಿದರು. ಕುಡಿದಾದ ಮೇಲೂ ಎದ್ದೇಳಲಿಲ್ಲ. ಕಾಲಿನ ಗಾಯಕ್ಕೆ ಕರವಸ್ತ್ರ ಕಟ್ಟಿದರು. ಅಯ್ಯನವರು ಪಕ್ಕದಲ್ಲೇ ಕೂತು ಕಾದರು, ಒಂದು ಸಲವೂ ಅವಸರ ಮಾಡಲಿಲ್ಲ. ಯಾರೂ ಮನೆಗೆ ಹೋಗಲಿಲ್ಲ. ಬಿಸಿಲು ಇಳಿಯಿತು, ಸಂಜೆಯ ಬಸ್ಸು ದೂರದ ರಸ್ತೆಯಲ್ಲಿ ಹಾರ್ನ್ ಹೊಡೆದುಕೊಂಡು ಹೋಯಿತು. ಕೊನೆಗೆ ಅಬ್ನೇರಪ್ಪನವರು ಕುರಿಯನ್ನು ಮತ್ತೆ ಹೆಗಲಿಗೆ ಎತ್ತಿಕೊಂಡು ನಿಂತು, ಅದರ ಕಿವಿಯಲ್ಲಿ ಏನೋ ಹೇಳಿ, ಅಯ್ಯನವರ ಕಡೆ ನೋಡಿ ಹೂಂ ಅಂತ ತಲೆಯಾಡಿಸಿದರು.

ಅಯ್ಯನವರು ಆಮೆನ್ ಅಂದರು. ನಾವೆಲ್ಲ ಆಮೆನ್ ಅಂದೆವು. ಎಷ್ಟೋ ಹೊತ್ತಿನ ತನಕ ಅಬ್ನೇರಪ್ಪನವರು ಎರಡೂ ಕೈಯನ್ನು ಎದೆಯ ಮುಂದೆ ಹಾಗೇ ಹಿಡಿದುಕೊಂಡು ನಿಂತಿದ್ದರು.